ಎರಡನೇ ಪ್ರೊಸೆಸರೂ ಹೋಯಿತೇ? ಮೂರನೆಯದನ್ನು ಕೂರಿಸುವ ಮುನ್ನ ಮಾಡಬೇಕಾದ ತಪಾಸಣೆ

ಬಟನ್ ಒತ್ತಿದೆ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದೆ, ಅದೂ ಇಲ್ಲ. ಹೊಸ ಪ್ರೊಸೆಸರನ್ನು ಡಬ್ಬಿಯಿಂದ ತೆಗೆದು ಇನ್ನೂ ಇಪ್ಪತ್ತು ನಿಮಿಷ ಆಗಿರಲಿಲ್ಲ. ಕೂಲರ್ ಬಿಚ್ಚಿ ನೋಡಿದರೆ ಶಾಖ ಸಾಗಿಸುವ ಪೇಸ್ಟ್ ಹಚ್ಚಿದ್ದು ಹಚ್ಚಿದ ಹಾಗೇ ಇತ್ತು, ಬೆಚ್ಚಗೂ ಆಗಿರಲಿಲ್ಲ.

ಅದಕ್ಕೆ ವಾರದ ಹಿಂದೆ ದಾವಣಗೆರೆಯಲ್ಲಿ ಮುಂಗಾರು ಪೂರ್ವದ ಒಂದು ಗುಡುಗಿನ ಸಂಜೆ, ಕರೆಂಟು ಹೋಗಿ ಬಂದ ಮೇಲೆ ನಮ್ಮ ಮನೆಯ ಡೆಸ್ಕ್‌ಟಾಪ್ ಎದ್ದಿರಲಿಲ್ಲ. ಅಂಗಡಿಗೆ ಒಯ್ದೆ. ಪ್ರೊಸೆಸರನ್ನು ತಮ್ಮ ಬೋರ್ಡಿಗೆ, ಅಂದರೆ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡಿಗೆ, ಹಾಕಿ ನೋಡಿದರು. "ಪ್ರೊಸೆಸರ್ ಹೋಗಿದೆ ಸರ್, ಬೋರ್ಡ್ ಓಕೆ, ನೋಡಿ ಲೈಟ್ ಬರ್ತಿದೆಯಲ್ಲ" ಅಂದರು. ಮೊದಲ ಮಾತು ನಿಜವಾಗಿತ್ತು. ಎರಡನೆಯದನ್ನು ನಂಬಿ ಹೊಸ ಪ್ರೊಸೆಸರ್ ತಂದು ಅದೇ ಬೋರ್ಡಿಗೆ ಕೂರಿಸಿದೆ. ಮೊದಲನೆಯದನ್ನು ಕೊಂದದ್ದೇ ಎರಡನೆಯದನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಂದಿತು.

ಅಂದಿನಿಂದ ಸ್ನೇಹಿತರು, ಬಂಧುಗಳು ಇಂಥ ತೊಂದರೆ ಹಿಡಿದುಕೊಂಡು ಬಂದರೆ ನಾನು ಮೊದಲು ಹೇಳುವುದು ಇಷ್ಟೇ: ಕಂಪ್ಯೂಟರಿನ ಬಿಡಿಭಾಗಗಳಲ್ಲಿ ತಾನಾಗಿ ಕೆಡುವುದು ತೀರಾ ಕಡಿಮೆ ಇರುವಂಥದ್ದು ಪ್ರೊಸೆಸರ್. ಒಂದು ಹೋದರೆ ಅದರದೇ ದೋಷ ಇರಬಹುದು. ಅದೇ ಮಷೀನಿನಲ್ಲಿ ಎರಡನೆಯದೂ ಹೋದರೆ ಕೊಲ್ಲುತ್ತಿರುವುದು ಬೇರೆ ಯಾವುದೋ. ಅದು ಸಿಗುವ ತನಕ ಮೂರನೆಯದನ್ನು ಡಬ್ಬಿಯಿಂದ ತೆಗೆಯಬೇಡಿ. ಇಲ್ಲಿ ಬರೆದಿರುವುದು ಆ ಹುಡುಕಾಟದ ದಾರಿ. ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಡಿಜಿಟಲ್ ಮಲ್ಟಿಮೀಟರ್, ಒಳ್ಳೆಯ ಟಾರ್ಚ್, ಭೂತಗನ್ನಡಿ ಅಥವಾ ಮೊಬೈಲ್ ಕ್ಯಾಮೆರಾ, ಸ್ಕ್ರೂಡ್ರೈವರ್, ಬರೆದಿಡಲು ಒಂದು ಪುಸ್ತಕ.

ಮೊದಲು: ನಿಜಕ್ಕೂ ಸತ್ತಿದೆಯೇ?

"ಪ್ರೊಸೆಸರ್ ಹೋಗಿದೆ" ಎಂದು ನನ್ನ ಬಳಿ ಬಂದ ಮಷೀನುಗಳಲ್ಲಿ ಬಹುಪಾಲಿನಲ್ಲಿ ಪ್ರೊಸೆಸರ್ ಚೆನ್ನಾಗಿಯೇ ಇರುತ್ತದೆ. ಬೋರ್ಡಿನ ಮೇಲೆ ಸಿಪಿಯು ಎಂದು ಬರೆದ ಪುಟ್ಟ ಕೆಂಪು ದೀಪ ಉರಿದ ಕೂಡಲೇ ಜನ ತೀರ್ಪು ಕೊಟ್ಟುಬಿಡುತ್ತಾರೆ. ಬೋರ್ಡಿನ ತಪಾಸಣೆ ಆ ಹಂತ ದಾಟಲಿಲ್ಲ ಎಂದಷ್ಟೇ ಆ ದೀಪದ ಅರ್ಥ. ಬೋರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯೋಸ್ ಆ ಪ್ರೊಸೆಸರನ್ನು ಗುರುತಿಸದಿದ್ದರೂ, ಸಾಕೆಟ್ಟಿನ ಒಂದು ಪಿನ್ ಬಾಗಿದ್ದರೂ, ಸಿಪಿಯು ಪವರ್ ಕೇಬಲ್ ಹಾಕುವುದು ಮರೆತಿದ್ದರೂ, ಕೆಲವೊಮ್ಮೆ ರ‍್ಯಾಮ್ ಸರಿಯಾಗಿ ಕೂರದಿದ್ದರೂ ಅದೇ ದೀಪ ಉರಿಯುತ್ತದೆ.

ಹಾಗಾಗಿ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆದು, ಅದರದೇ ರಟ್ಟಿನ ಡಬ್ಬಿಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್ ಮಾತ್ರ ಇಟ್ಟು ನೋಡಿ. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡ್ ಬೇಕಾಗುತ್ತದೆ. ಹೊರಗೆ ಇಟ್ಟಾಗ ಎದ್ದು ಒಳಗೆ ಇಟ್ಟಾಗ ಏಳದಿದ್ದರೆ, ಬೋರ್ಡಿನ ಅಡಿಯಲ್ಲಿ ಬೇಡದ ಕಡೆ ಒಂದು ಹಿತ್ತಾಳೆಯ ಸ್ಟ್ಯಾಂಡಾಫ್ ಉಳಿದಿದೆಯೇ ನೋಡಿ. ಹೊಸ ಬೋರ್ಡಿಗೆ ಹಳೆಯ ಕ್ಯಾಬಿನೆಟ್ ಬಳಸಿದವರಲ್ಲಿ ಇದು ಸಾಮಾನ್ಯ. ಆ ಒಂದು ಕಾಲು ಬೋರ್ಡಿನ ಹಿಂಬದಿಯ ಬೆಸುಗೆಗೆ ತಗುಲಿ ಶಾರ್ಟ್ ಆಗುತ್ತದೆ.

ಬೋರ್ಡ್ ತಯಾರಕರ ವೆಬ್‌ಸೈಟಿನಲ್ಲಿ ಸಿಪಿಯು ಬೆಂಬಲದ ಪಟ್ಟಿ ಇರುತ್ತದೆ. ಯಾವ ಪ್ರೊಸೆಸರಿಗೆ ಕನಿಷ್ಠ ಯಾವ ಬಯೋಸ್ ಬೇಕು ಎಂದು ಅಲ್ಲಿ ಬರೆದಿರುತ್ತಾರೆ. ಬಿ450 ಬೋರ್ಡಿಗೆ ಎಎಂಡಿಯ ರೈಜನ್ 5000, ಬಿ660 ಬೋರ್ಡಿಗೆ ಇಂಟೆಲ್ 13ನೇ ತಲೆಮಾರು ಹಾಕಿ, ಹಳೆಯ ಬಯೋಸಿನಿಂದಾಗಿ ಪರದೆ ಬಾರದೆ, ಒಳ್ಳೆಯ ಪ್ರೊಸೆಸರನ್ನು ಸತ್ತಿದೆ ಎಂದುಕೊಂಡವರಿದ್ದಾರೆ. ಇನ್ನು ಎಎಂಡಿಯ ಎಎಂ5 ಸಾಕೆಟ್ಟಿನ ಬೋರ್ಡುಗಳಲ್ಲಿ ಹೊಸ ಡಿಡಿಆರ್5 ರ‍್ಯಾಮ್ ಹಾಕಿದಾಗ ಮೊದಲ ಸಲ ಅದನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಪರದೆ ಕಪ್ಪಗೇ ಇರುತ್ತದೆ. ಎದ್ದು ಹೋಗಿ ಕಾಫಿ ಕುಡಿದು ಬನ್ನಿ, ನಡುವೆ ಪವರ್ ತೆಗೆಯಬೇಡಿ.

ಇಷ್ಟಾದ ಮೇಲೂ ಏಳದಿದ್ದರೆ ಅನುಮಾನದ ಪ್ರೊಸೆಸರನ್ನು ಚೆನ್ನಾಗಿ ಓಡುತ್ತಿರುವ ಬೇರೊಂದು ಬೋರ್ಡಿಗೆ ಹಾಕಿ ನೋಡಬೇಕು. ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಅನುಮಾನದ ಪ್ರೊಸೆಸರನ್ನು ಒಳ್ಳೆಯ ಬೋರ್ಡಿಗೆ ಹಾಕಬಹುದು, ಒಳ್ಳೆಯ ಪ್ರೊಸೆಸರನ್ನು ಅನುಮಾನದ ಬೋರ್ಡಿಗೆ ಹಾಕಬಾರದು. ನಾನು ಕಳೆದುಕೊಂಡದ್ದು ಈ ಎರಡನೆಯದನ್ನು ಮಾಡಿ.

ಸತ್ತ ರೀತಿಯನ್ನು ಬರೆದುಕೊಳ್ಳಿ

ಮೀಟರ್ ಹಿಡಿಯುವ ಮುಂಚೆ ಪುಸ್ತಕ ತೆಗೆದು ಪ್ರತಿಯೊಂದು ಪ್ರೊಸೆಸರ್ ಎಷ್ಟು ದಿನ ಓಡಿತು, ಕೊನೆಯ ಕ್ಷಣದಲ್ಲಿ ಏನಾಯಿತು, ಅದಕ್ಕೂ ಮುಂಚಿನ ವಾರಗಳಲ್ಲಿ ಏನಾದರೂ ವ್ಯತ್ಯಾಸ ಕಂಡಿತ್ತೇ ಎಂದು ಬರೆಯಿರಿ. ಎಲ್ಲಿಂದ ಹುಡುಕಲು ಶುರು ಮಾಡಬೇಕೆಂದು ಇದೇ ಹೇಳುತ್ತದೆ.

ಬಟನ್ ಒತ್ತಿದ ಕ್ಷಣವೇ ಸತ್ತಿದ್ದರೆ, ಅಥವಾ ಫ್ಯಾನು ಒಂದು ಸಲ ಮಿಡುಕಿ ನಿಂತಿದ್ದರೆ, ಬೋರ್ಡಿನ ಪವರ್ ಭಾಗ ಮತ್ತು ಕೇಬಲ್ಲುಗಳ ಮೇಲೆ ಕಣ್ಣಿಡಿ. ತಿಂಗಳುಗಟ್ಟಲೆ ಚೆನ್ನಾಗಿ ಓಡಿ, ಆಮೇಲೆ ನೀಲಿ ಪರದೆ, ಆಟಗಳು ತಾವಾಗಿ ಮುಚ್ಚಿಹೋಗುವುದು, ಜಿಪ್ ಫೈಲ್ ಬಿಚ್ಚುವಾಗ ದೋಷ, ಹೀಗೆ ಹಂತ ಹಂತವಾಗಿ ಹದಗೆಟ್ಟಿದ್ದರೆ ಬಯೋಸಿನ ವೋಲ್ಟೇಜ್ ಹೆಚ್ಚಾಗಿದೆ ಎಂದು ಅನುಮಾನಿಸಿ. ಗುಡುಗು, ಕರೆಂಟ್ ಕಟ್, ಯುಪಿಎಸ್ ಬದಲಾವಣೆಯ ಆಸುಪಾಸಿನಲ್ಲಿ ಸತ್ತಿದ್ದರೆ ಮನೆಯ ವೈರಿಂಗ್ ಮತ್ತು ಹೊರಗಿನಿಂದ ಬರುವ ಕೇಬಲ್ಲುಗಳನ್ನು ನೋಡಬೇಕು.

ಮಷೀನ್ ಇನ್ನೂ ಅರೆಜೀವದಲ್ಲಿದ್ದರೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ವಿಭಾಗದಲ್ಲಿ ವೀಯಾ ಲಾಗರ್ (WHEA-Logger) ದಾಖಲೆಗಳನ್ನು ಹುಡುಕಿ. ಸಂಖ್ಯೆ 18 ಎಂದರೆ ಸರಿಪಡಿಸಲಾಗದ ಹಾರ್ಡ್‌ವೇರ್ ದೋಷ, 19 ಎಂದರೆ ಸರಿಪಡಿಸಿದ ದೋಷ. 19 ದಿನೇ ದಿನೇ ಹೆಚ್ಚುತ್ತಿದ್ದರೆ ಪ್ರೊಸೆಸರ್ ಸವೆಯುತ್ತಿರುವುದರ ಮುನ್ಸೂಚನೆ ಇರಬಹುದು. ಕರ್ನಲ್ ಪವರ್ 41 ಮಾತ್ರ ಇದ್ದರೆ ಅದರಿಂದ ಹೆಚ್ಚೇನೂ ಗೊತ್ತಾಗದು, ಮಷೀನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ.

ಸಾಕೆಟ್ಟು, ಪಿನ್ನು

ಎಎಂಡಿಯ ಹಳೆಯ ಎಎಂ4 ಸಾಕೆಟ್ಟಿನ ಪ್ರೊಸೆಸರಿನ ಬೆನ್ನಿನಲ್ಲಿ 1331 ಪಿನ್ನುಗಳಿರುತ್ತವೆ. ಎಎಂ5 ಮತ್ತು ಇಂಟೆಲ್‌ನ ಎಲ್‌ಜಿಎ1700ಗಳಲ್ಲಿ ಪಿನ್ನುಗಳು ಬೋರ್ಡಿನ ಸಾಕೆಟ್ಟಿನಲ್ಲಿರುತ್ತವೆ. ಟಾರ್ಚನ್ನು ಮೇಲಿನಿಂದ ಬಿಡಬೇಡಿ, ಮೇಜಿನ ಮಟ್ಟಕ್ಕೆ ಹಿಡಿದು ಅಡ್ಡ ಬೆಳಕು ಬೀಳುವಂತೆ ಮಾಡಿ. ನಾಟಿ ಮಾಡಿದ ಗದ್ದೆಯ ಸಾಲಿನ ಹಾಗೆ ಎಲ್ಲವೂ ಒಂದೇ ಕಡೆ ವಾಲಿ ಮಿನುಗಬೇಕು. ಎಲ್ಲೋ ಒಂದು ಕಡೆ ಮಿನುಗು ತಪ್ಪಿದರೆ ಅಲ್ಲಿ ಪಿನ್ ಬಾಗಿದೆ ಅಥವಾ ಪೇಸ್ಟ್ ಇಳಿದಿದೆ. ನಾಲ್ಕು ಕಡೆಯಿಂದಲೂ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪಗಾದ, ಕಂದಿದ, ಉಬ್ಬಿದ ಜಾಗವಿದ್ದರೆ ಅಲ್ಲಿ ಸುಟ್ಟಿದೆ. ಆ ಬೋರ್ಡನ್ನು ಇನ್ನು ಬಳಸುವಂತಿಲ್ಲ.

ಎಎಂ4 ಬಳಸುವವರಿಗೆ ಒಂದು ಮಾತು. ಪೇಸ್ಟ್ ಒಣಗಿ ಅಂಟಾಗಿರುತ್ತದೆ. ಕೂಲರ್ ಎತ್ತಿದಾಗ ಲಿವರ್ ಹಾಕಿದ್ದರೂ ಪ್ರೊಸೆಸರ್ ಅದಕ್ಕೇ ಅಂಟಿ ಕಿತ್ತು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಮಷೀನನ್ನು ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಬೆಚ್ಚಗಿರುವಾಗಲೇ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಿ ಬಿಡಿಸಿಕೊಳ್ಳಿ. ಬಾಗಿದ ಪಿನ್ನನ್ನು 0.7 ಮಿಲಿಮೀಟರ್ ಮೆಕ್ಯಾನಿಕಲ್ ಪೆನ್ಸಿಲಿನ ತೂತಿಗೆ ತೂರಿಸಿ, ಸೀಸದ ಕಡ್ಡಿ ತೆಗೆದಿಟ್ಟು, ಸ್ವಲ್ಪ ಸ್ವಲ್ಪವೇ ನೆಟ್ಟಗೆ ಮಾಡಬಹುದು. ಒಂದೇ ಸಲ ಪೂರ್ತಿ ಎಬ್ಬಿಸಲು ಹೋದರೆ ಮುರಿಯುತ್ತದೆ.

ಕೂಲರಿನ ಸ್ಕ್ರೂಗಳನ್ನು ಒಂದು ಕಡೆ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಕಡೆಗೆ ಹೋಗುವುದೂ ತೊಂದರೆಯೇ. ಒತ್ತಡ ಓರೆಯಾಗಿ ಕೆಲವು ಸಂಪರ್ಕಗಳು ಬಿಟ್ಟುಹೋಗುತ್ತವೆ. ಎರಡು ರ‍್ಯಾಮ್‌ಗಳಲ್ಲಿ ಒಂದು ಮಾತ್ರ ಕಾಣುತ್ತಿದ್ದರೆ ಮೊದಲು ಕೂಲರ್ ಸಡಿಲಿಸಿ, ಎದುರು ಬದುರು ಮೂಲೆಗಳನ್ನು ಸರದಿಯಂತೆ ಬಿಗಿದು ನೋಡಿ.

ಬೋರ್ಡಿನ ವಿಆರ್‌ಎಂ: ನನ್ನ ಕೊಲೆಗಾರ ಸಿಕ್ಕ ಜಾಗ

ಎಸ್‌ಎಂಪಿಎಸ್‌ನಿಂದ ಪ್ರೊಸೆಸರಿನ ಕಡೆಗೆ ಬರುವುದು 12 ವೋಲ್ಟ್. ಎಸ್‌ಎಂಪಿಎಸ್ ಎಂದರೆ ಮನೆಯ ಕರೆಂಟನ್ನು ಇಳಿಸಿ ಕಂಪ್ಯೂಟರಿಗೆ ಕೊಡುವ ಪವರ್ ಸಪ್ಲೈ ಡಬ್ಬಿ. ಪ್ರೊಸೆಸರಿಗೆ ಬೇಕಾದದ್ದು ಹೆಚ್ಚುಕಮ್ಮಿ 1 ವೋಲ್ಟಿನಿಂದ ಒಂದೂವರೆ ವೋಲ್ಟಿನ ಒಳಗೆ. ನಡುವೆ ಇಳಿಸಿ ಕೊಡುವುದು ಸಾಕೆಟ್ಟಿನ ಸುತ್ತ ಇರುವ ವಿಆರ್‌ಎಂ. ಅದರಲ್ಲಿ ಪ್ರತಿ ಸಾಲಿಗೂ ಎರಡು ಮಾಸ್ಫೆಟ್ ಸ್ವಿಚ್ಚುಗಳು, ಒಂದು ಬೂದು ಬಣ್ಣದ ಚೌಕಾಕಾರದ ಕಾಯಿಲ್. ಮೇಲಿನ ಸ್ವಿಚ್ಚು 12 ವೋಲ್ಟನ್ನು ಕ್ಷಣ ಹೊತ್ತು ಬಿಡುತ್ತದೆ, ಮುಚ್ಚುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ತೂಬಿನ ಬಾಗಿಲು ತೆರೆದು ಮುಚ್ಚಿ ಕಾಲುವೆಗೆ ಹದವಾಗಿ ನೀರು ಬಿಟ್ಟ ಹಾಗೆ. ಆ ಬಾಗಿಲು ತೆರೆದೇ ಕಚ್ಚಿಕೊಂಡರೆ, ಅಂದರೆ ಮೇಲಿನ ಮಾಸ್ಫೆಟ್ ಒಳಗೇ ಶಾರ್ಟ್ ಆದರೆ, 12 ವೋಲ್ಟ್ ನೇರವಾಗಿ ಪ್ರೊಸೆಸರಿಗೆ ನುಗ್ಗುತ್ತದೆ. ಎಸ್‌ಎಂಪಿಎಸ್ ಅದನ್ನು ಗ್ರಹಿಸಿ ಟ್ರಿಪ್ ಆಗುವಷ್ಟರಲ್ಲಿ ಪ್ರೊಸೆಸರಿನ ಕತೆ ಮುಗಿದಿರುತ್ತದೆ. ಫ್ಯಾನು ಅರ್ಧ ಸುತ್ತು ತಿರುಗಿ ನಿಲ್ಲುವುದು ಆ ಟ್ರಿಪ್.

ಅಂಗಡಿಯವರು ತೋರಿಸಿದ ಲೈಟು? ಅದು 5 ವೋಲ್ಟಿನ ಸ್ಟ್ಯಾಂಡ್‌ಬೈ ಲೈನಿನಿಂದ ಉರಿಯುವಂಥದ್ದು. ಪ್ಲಗ್ ಹಾಕಿದರೆ ಸಾಕು, ವಿಆರ್‌ಎಂ ಸುಟ್ಟಿದ್ದರೂ ಉರಿಯುತ್ತದೆ.

ಪರೀಕ್ಷೆಯ ಕ್ರಮ ಹೀಗೆ:

1. ಪ್ಲಗ್ ಕಿತ್ತು, ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಿಂದ ಎಲ್ಲ ಕೇಬಲ್, ರ‍್ಯಾಮ್, ಕಾರ್ಡ್, ಪ್ರೊಸೆಸರ್ ತೆಗೆಯಿರಿ. ಪ್ರೊಸೆಸರ್ ಒಳಗಿದ್ದರೆ ಈ ಅಳತೆ ಸುಳ್ಳು ಹೇಳುತ್ತದೆ. ಒಳ್ಳೆಯ ಪ್ರೊಸೆಸರ್ ಕೂಡ ಮೀಟರಿಗೆ ಶಾರ್ಟ್ ಇದ್ದಂತೆಯೇ ಕಾಣಬಹುದು.

2. ಮೀಟರನ್ನು ಬೀಪ್ ಬರುವ ಸ್ಥಾನಕ್ಕೆ ತಿರುಗಿಸಿ. ಒಂದು ಮೊನೆಯನ್ನು ಬೋರ್ಡಿನ ಸ್ಕ್ರೂ ತೂತಿನ ಲೋಹದ ಬಳೆಗೆ ಇಡಿ. ಇನ್ನೊಂದನ್ನು ಮೇಲಿನ ಮೂಲೆಯಲ್ಲಿರುವ ಎಂಟು ಪಿನ್ನಿನ ಸಿಪಿಯು ಪವರ್ ಸಾಕೆಟ್ಟಿನ ಒಂದೊಂದೇ ಪಿನ್ನಿಗೆ ಮುಟ್ಟಿಸಿ. ಒಂದು ಸಾಲಿನ ನಾಲ್ಕು ಪಿನ್ ಬೀಪ್ ಅನ್ನಬೇಕು, ಅವು ಗ್ರೌಂಡ್. ಕೊಕ್ಕೆ ಇರುವ ಕಡೆಯ ಸಾಲಿನ ನಾಲ್ಕು ಬೀಪ್ ಅನ್ನಬಾರದು, ಅವು 12 ವೋಲ್ಟ್. ಎಂಟೂ ಬೀಪ್ ಅಂದರೆ 12 ವೋಲ್ಟ್ ಲೈನ್ ಗ್ರೌಂಡಿಗೆ ಶಾರ್ಟ್.

3. ಈಗ ಒಂದು ಮೊನೆ ಕೊಕ್ಕೆ ಕಡೆಯ 12 ವೋಲ್ಟ್ ಪಿನ್ನಿನಲ್ಲೇ ಇರಲಿ. ಇನ್ನೊಂದನ್ನು ಸಾಕೆಟ್ಟಿನ ಸುತ್ತಲಿನ ಪ್ರತಿ ಕಾಯಿಲ್ಲಿನ ಬೆಸುಗೆಗೆ ಮುಟ್ಟಿಸಿ. ಒಂದು ಕಡೆಯೂ ಬೀಪ್ ಬರಬಾರದು. ಬಂದರೆ ಮೇಲಿನ ಮಾಸ್ಫೆಟ್ ಹೋಗಿದೆ. ಈ ಬೋರ್ಡಿಗೆ ಎಂಥ ಪ್ರೊಸೆಸರ್ ಹಾಕಿದರೂ ಸಾಯುತ್ತದೆ.

4. ಕೊನೆಗೆ ಮೀಟರನ್ನು ಓಮ್ ಸ್ಥಾನಕ್ಕೆ ತಂದು ಕಾಯಿಲ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಸೊನ್ನೆಯ ಹತ್ತಿರ ಬಂದರೆ ಕೆಳಗಿನ ಮಾಸ್ಫೆಟ್ ಅಥವಾ ಯಾವುದೋ ಕೆಪಾಸಿಟರ್ ಶಾರ್ಟ್.

ನನ್ನ ಬೋರ್ಡಿನಲ್ಲಿ ಮೂರನೇ ಹಂತಕ್ಕೆ ಬಂದಾಗ ಮೀಟರ್ ಉದ್ದಕ್ಕೆ ಕೂಗಿತು. ಮೊದಲ ಕಾಯಿಲ್ಲಿಗೆ ಕೂಗಿತು, ಎರಡನೆಯದಕ್ಕೂ, ಮೂರನೆಯದಕ್ಕೂ. ಪ್ರೊಸೆಸರಿಗೆ ಹೋಗುವ ಕಾಯಿಲ್ಲುಗಳ ತುದಿಗಳೆಲ್ಲ ಒಂದೇ ಲೈನಿಗೆ ಸೇರುವುದರಿಂದ ಒಂದು ಮಾಸ್ಫೆಟ್ ಹೋದರೂ ಎಲ್ಲೆಡೆ ಬೀಪ್ ಬರುತ್ತದೆ. ಹೀಟ್‌ಸಿಂಕ್ ಬಿಚ್ಚಿ ನೋಡಿದರೆ ಒಂದೇ ಒಂದು ಮಾಸ್ಫೆಟ್ಟಿನ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಗುಳಿ, ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಈ ಅಳತೆಗೆ ಹಿಡಿದದ್ದು ಐದು ನಿಮಿಷ. ವಾರದ ಹಿಂದೆಯೇ ಮಾಡಿದ್ದರೆ ಆ ಎರಡನೇ ಪ್ರೊಸೆಸರ್ ಇಂದಿಗೂ ಓಡುತ್ತಿತ್ತು.

ನಾಲ್ಕೂ ಹಂತ ದಾಟಿದ ಬೋರ್ಡ್ ಪೂರ್ತಿ ಚೆನ್ನಾಗಿದೆ ಎಂದು ಇದರಿಂದ ಹೇಳಲಾಗದು, ಶಾರ್ಟ್ ಇಲ್ಲ ಎಂದಷ್ಟೇ. ಎರಡು ಪ್ರೊಸೆಸರ್ ತಿಂದ ಬೋರ್ಡಿಗೆ ಬೇರೆ ಕಾರಣ ಸ್ಪಷ್ಟವಾಗಿ ಸಿಗದಿದ್ದರೆ ಬೋರ್ಡನ್ನೇ ಬದಲಾಯಿಸಿ ಎನ್ನುತ್ತೇನೆ. ಬೋರ್ಡಿನ ಬೆಲೆ ಉಳಿಸಲು ಹೋಗಿ ಇನ್ನೊಂದು ಪ್ರೊಸೆಸರನ್ನು ಪಣಕ್ಕಿಡುವುದು ಲೆಕ್ಕಕ್ಕೆ ಹೊಂದುವುದಿಲ್ಲ.

ಎಸ್‌ಎಂಪಿಎಸ್ ಮತ್ತು ಅದರ ಕೇಬಲ್ಲು

ಕೇಬಲ್ಲಿನಿಂದ ಶುರು ಮಾಡುತ್ತೇನೆ, ಏಕೆಂದರೆ ಇದು ಬಹಳ ಜನಕ್ಕೆ ಗೊತ್ತಿಲ್ಲ. ಬಿಚ್ಚಿ ಹಾಕಬಹುದಾದ ಕೇಬಲ್ಲಿನ ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ ಬೋರ್ಡಿನ ಕಡೆಯ ತುದಿ ಎಲ್ಲ ಕಂಪನಿಗಳಲ್ಲೂ ಒಂದೇ ರೀತಿ ಇರುತ್ತದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮವಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ವೈರುಗಳ ಜಾಗ ಬೇರೆ ಇರಬಹುದು. ಹಳೆಯ ಕೇಬಲ್ಲು ನೀಟಾಗಿ ಕಟ್ಟಿದೆ, ಇರಲಿ ಎಂದು ಎಸ್‌ಎಂಪಿಎಸ್ ಮಾತ್ರ ಬದಲಾಯಿಸಿದರೆ ಗ್ರೌಂಡ್ ಇರಬೇಕಾದ ಕಡೆ 12 ವೋಲ್ಟ್ ಬರಬಹುದು. ಎಸ್‌ಎಂಪಿಎಸ್ ಬದಲಾಯಿಸಿದಾಗ ಅದರ ಡಬ್ಬಿಯಲ್ಲಿ ಬಂದ ಕೇಬಲ್ಲುಗಳನ್ನೇ ಹಾಕಿ. ಹಳೆಯವಕ್ಕೆ ಚೀಟಿ ಕಟ್ಟಿ ಬೇರೆ ಇಡಿ.

ಎಂಟು ಪಿನ್ನಿನ ಸಿಪಿಯು ಕೇಬಲ್ಲೂ ಎಂಟು ಪಿನ್ನಿನ ಗ್ರಾಫಿಕ್ಸ್ ಕೇಬಲ್ಲೂ ನೋಡಲು ಒಂದೇ ಥರ ಇರುತ್ತವೆ, ಆದರೆ ಧ್ರುವ ಉಲ್ಟಾ. ಅಚ್ಚು ಬೇರೆ ಇರುವುದರಿಂದ ಸುಲಭಕ್ಕೆ ಕೂರುವುದಿಲ್ಲ. ಒತ್ತಿ ಕೂರಿಸಿದವರನ್ನು ನೋಡಿದ್ದೇನೆ. ಬಲ ಹಾಕಬೇಕಾಗಿ ಬಂದರೆ ಕೈ ಹಿಂದೆ ತೆಗೆದು ಕೇಬಲ್ಲಿನ ಮೇಲಿನ ಬರಹ ಓದಿ.

ವೋಲ್ಟೇಜ್ ಅಳೆಯುವಾಗ ಮಷೀನ್ ದುಡಿಯುತ್ತಿರಬೇಕು. ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಹಾಕಿ ಓಡಿಸುವ ಪರೀಕ್ಷೆಯಲ್ಲಿ ಲೋಡ್ ಇರುವುದಿಲ್ಲ, ಕಳಪೆ ಎಸ್‌ಎಂಪಿಎಸ್ ಕೂಡ ಅದರಲ್ಲಿ ಪಾಸಾಗುತ್ತದೆ. ಹೊಸ ಪ್ರೊಸೆಸರನ್ನು ಇದಕ್ಕಾಗಿ ಪಣಕ್ಕಿಡಬೇಡಿ; ಹೋದರೂ ಬೇಸರವಿಲ್ಲದ ಹಳೆಯ ಮಷೀನಿಗೆ ಈ ಎಸ್‌ಎಂಪಿಎಸ್ ಕಟ್ಟಿ, ಲೋಡ್ ಕೊಟ್ಟು, ನಾಲ್ಕು ಪಿನ್ನಿನ ಮೊಲೆಕ್ಸ್ ತುದಿಯಲ್ಲಿ ಅಳೆಯಿರಿ. ಹಳದಿ ಮತ್ತು ಕಪ್ಪಿನ ನಡುವೆ 11.4ರಿಂದ 12.6, ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಈ ಮಿತಿಯೊಳಗಿದ್ದರೂ ಲೋಡ್ ಬಂದಾಗ ಅರ್ಧ ವೋಲ್ಟ್ ಕುಸಿಯುತ್ತಿದ್ದರೆ ನನಗೆ ಸಮಾಧಾನ ಇರುವುದಿಲ್ಲ. ರಿಪ್ಪಲ್ ಅಂದರೆ ವೋಲ್ಟೇಜಿನ ನಡುಕ, 12 ವೋಲ್ಟ್ ಲೈನಿನಲ್ಲಿ 120 ಮಿಲಿವೋಲ್ಟ್ ಮೀರಬಾರದು. ಅದನ್ನು ನೋಡಲು ಆಸಿಲ್ಲೋಸ್ಕೋಪ್ ಬೇಕು, ಮೀಟರಿನಲ್ಲಿ ಕಾಣದು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಆಗಿದ್ದರೆ ಅಳೆಯುತ್ತ ಕೂರುವುದಕ್ಕಿಂತ ಬದಲಾಯಿಸುವುದೇ ಮೇಲು.

ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಹೊರಗಿನಿಂದಲೇ ಟಾರ್ಚ್ ಬಿಟ್ಟು ನೋಡಿ. ನಮ್ಮ ಕಡೆ ಹಲ್ಲಿ, ಜಿರಲೆ, ಇರುವೆಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಒಳಗೆ ಸೇರಿ ಶಾರ್ಟ್ ಮಾಡುವುದು ಉಂಟು.

ಮನೆಯ ಕರೆಂಟು: ಕ್ಯಾಬಿನೆಟ್ ಜುಮ್ ಎನ್ನುತ್ತದೆಯೇ?

ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ಬೆರಳ ಹಿಂಬದಿ ತಾಕಿಸಿದಾಗ ಜುಮ್ ಎಂದರೆ, ಅಥವಾ ಅಲ್ಲಿ ಟೆಸ್ಟರ್ ಇಟ್ಟರೆ ಮಂದವಾಗಿ ಉರಿದರೆ, ನಿಮ್ಮ ಪ್ಲಗ್ಗಿಗೆ ಅರ್ಥಿಂಗ್ ಸಿಗುತ್ತಿಲ್ಲ. ಎಸ್‌ಎಂಪಿಎಸ್ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್ಟಿಗೆ ಚಿಕ್ಕ ಫಿಲ್ಟರ್ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಇಲ್ಲದಿದ್ದಾಗ ಅವುಗಳಿಂದಾಗಿ ಕ್ಯಾಬಿನೆಟ್ಟು 230ರ ಅರ್ಧ, ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಆ ಸ್ಥಿತಿಯಲ್ಲಿ ಟಿವಿಯ ಎಚ್‌ಡಿಎಂಐ ಕೇಬಲ್ ಚುಚ್ಚಿದಾಗ ಕಿಡಿ ಹಾರುವುದನ್ನು ಕಂಡಿರಬಹುದು. ಆ ಕಿಡಿ ದಾಟುವುದು ಗ್ರಾಫಿಕ್ಸ್ ಕಾರ್ಡಿನ ಮೂಲಕ, ಅಲ್ಲಿಂದ ಪ್ರೊಸೆಸರಿಗೆ ನೇರ ದಾರಿ.

ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಎಸಿ ವೋಲ್ಟ್ ಸ್ಥಾನದಲ್ಲಿ ಅಳೆಯಬೇಕು. ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್–ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ನ್ಯೂಟ್ರಲ್–ಅರ್ಥ್ ನಡುವೆ ಹತ್ತಾರು ವೋಲ್ಟ್ ಬಂದರೆ ಅರ್ಥ್ ತುಂಡಾಗಿದೆ ಅಥವಾ ನ್ಯೂಟ್ರಲ್ ಸಡಿಲವಾಗಿದೆ. ಮೂರು ಫೇಸ್ ಇರುವ ಮನೆಯಲ್ಲಿ ಮೇನ್ ನ್ಯೂಟ್ರಲ್ ಸಡಿಲಾದರೆ ಒಂದು ಫೇಸಿನಲ್ಲಿ ವೋಲ್ಟೇಜ್ 300 ದಾಟಬಹುದು. ಕೆಲವು ಕೋಣೆಗಳಲ್ಲಿ ಬಲ್ಬು ಮಂಕಾಗಿ, ಇನ್ನು ಕೆಲವದರಲ್ಲಿ ವಿಪರೀತ ಪ್ರಕಾಶವಾಗಿ ಉರಿದರೆ ಕೂಡಲೇ ಮೇನ್ ಆಫ್ ಮಾಡಿ.

ನಮ್ಮ ಮನೆಗೆ ಬಂದ ಎಲೆಕ್ಟ್ರಿಷಿಯನ್ ಸ್ವಿಚ್ ಬೋರ್ಡ್ ಬಿಚ್ಚಿ ನೋಡಿ, "ಅಣ್ಣಾ, ಹಸಿರು ವೈರ್ ಎಲ್ಲಾ ಕಡೆ ಎಳ್ದಿದಾರೆ, ಆದ್ರೆ ಪಿಟ್‌ಗೆ ಕೊಟ್ಟೇ ಇಲ್ಲ" ಅಂದ. ಹತ್ತು ವರ್ಷದಿಂದ ಮೂರನೇ ಪಿನ್ನು ಹೆಸರಿಗೆ ಮಾತ್ರ ಇತ್ತು. ಇದ್ದಿಲು, ಉಪ್ಪು ಹಾಕಿ ಹೊಸ ಪಿಟ್, ಅಂದರೆ ನೆಲದಲ್ಲಿ ಅರ್ಥಿಂಗ್ ಗುಂಡಿ, ಮಾಡಿಸಿದೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ಕ್ಷೀಣಿಸುತ್ತದೆ, ಹಾಗಾಗಿ ಮಾರ್ಚಿನಿಂದ ಮಳೆ ಬರುವ ತನಕ ವಾರಕ್ಕೆರಡು ಕೊಡ ನೀರು ಹಾಕುತ್ತೇನೆ.

ಒಂದು ವಿಷಯ ನೇರವಾಗಿ ಹೇಳಬೇಕು. ಲೈನಿನ ಏರಿಳಿತ ಎಸ್‌ಎಂಪಿಎಸ್ಸನ್ನು ಬಿಟ್ಟು ಪ್ರೊಸೆಸರನ್ನಷ್ಟೇ ಕೊಲ್ಲುವುದು ಅಪರೂಪ. ಎಸ್‌ಎಂಪಿಎಸ್ ಚೆನ್ನಾಗಿದ್ದು ಪ್ರೊಸೆಸರ್ ಮಾತ್ರ ಹೋಗಿದ್ದರೆ "ಕರೆಂಟಿಂದ ಆಯ್ತು" ಎಂದು ಕೈ ತೊಳೆದುಕೊಳ್ಳಬೇಡಿ. ಸಿಡಿಲು ಮಾತ್ರ ಹಿಂಬಾಗಿಲಿನಿಂದ ಬರುತ್ತದೆ. ಕಂಬದಿಂದ ಬರುವ ತಾಮ್ರದ ಇಂಟರ್ನೆಟ್ ಕೇಬಲ್ಲು ಒಂದು ದಾರಿ. ಮಹಡಿಯ ಮೇಲಿನ ಡಿಶ್ಶಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಹಿಡಿದು ಕಂಪ್ಯೂಟರಿಗೆ ಬರುವುದು ಇನ್ನೊಂದು. ಟಿವಿಯನ್ನೇ ಮಾನಿಟರ್ ಮಾಡಿಕೊಂಡವರು ಗುಡುಗು ಕೇಳಿದ ಕೂಡಲೇ ಪ್ಲಗ್ಗಿನ ಜೊತೆ ಈ ಎರಡನ್ನೂ ಕೀಳಿ. ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ.

ಕ್ಯಾಬಿನೆಟ್ಟಿನ ಮುಂಭಾಗದ ಯುಎಸ್‌ಬಿ ಪೋರ್ಟುಗಳನ್ನೂ ಟಾರ್ಚ್ ಬಿಟ್ಟು ನೋಡಿ. ಒಳಗಿನ ನಾಲಗೆ ಮುರಿದು ಪಿನ್ನುಗಳು ಒಂದಕ್ಕೊಂದು ತಾಕುತ್ತಿದ್ದರೆ ಆ ಕೇಬಲ್ಲನ್ನು ಬೋರ್ಡಿನಿಂದ ಕಿತ್ತಿಡಿ. ರೈಜನ್ ಪ್ರೊಸೆಸರುಗಳಲ್ಲಿ ಕೆಲವು ಯುಎಸ್‌ಬಿ ಲೈನುಗಳು ನೇರವಾಗಿ ಪ್ರೊಸೆಸರಿನಿಂದಲೇ ಬರುತ್ತವೆ.

ಬಯೋಸಿನೊಳಗಿನ ವೋಲ್ಟೇಜ್

ನಿಧಾನಕ್ಕೆ ಸತ್ತ ಪ್ರೊಸೆಸರುಗಳ ಮೂಲ ಬಹುಪಾಲು ಇಲ್ಲೇ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು, ಅದರಲ್ಲೂ ಐ9-13900ಕೆ, 14900ಕೆ ತಿಂಗಳುಗಳ ಬಳಕೆಯ ನಂತರ ತಡವರಿಸತೊಡಗಿದ್ದು ದೊಡ್ಡ ಸುದ್ದಿಯಾಗಿತ್ತು. ಗ್ರಾಫಿಕ್ಸ್ ಕಾರ್ಡಿನಲ್ಲಿ ಬೇಕಾದಷ್ಟು ಮೆಮೊರಿ ಇದ್ದರೂ "ವಿಡಿಯೋ ಮೆಮೊರಿ ಸಾಲದು" ಎಂದು ಆಟಗಳು ಮುಚ್ಚಿಹೋಗುತ್ತಿದ್ದವು. ಜನ ಕಾರ್ಡನ್ನು ಬದಲಾಯಿಸಿ ಮೋಸಹೋದರು. ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದುದರಿಂದ ಒಳಗಿನ ಕ್ಲಾಕ್ ಸರ್ಕ್ಯೂಟ್ ಬೇಗ ಸವೆಯುತ್ತಿತ್ತು ಎಂದು ಇಂಟೆಲ್ 2024ರ ಸೆಪ್ಟೆಂಬರಿನಲ್ಲಿ ಕಾರಣ ತಿಳಿಸಿತು. ಆಗಸ್ಟಿನಲ್ಲಿ 0ಎಕ್ಸ್129, ಸೆಪ್ಟೆಂಬರಿನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೋಕೋಡ್‌ಗಳು (ಪ್ರೊಸೆಸರಿನ ಒಳಗಿನ ತಿದ್ದುಪಡಿ ತಂತ್ರಾಂಶ) ಬಯೋಸ್ ಮೂಲಕ ಬಂದವು. ವೋಲ್ಟೇಜ್ ಬೇಡಿಕೆಗೆ 1.55 ವೋಲ್ಟಿನ ಮಿತಿ ಬಿತ್ತು. ಈಗಾಗಲೇ ಸವೆದದ್ದನ್ನು ಇವು ಸರಿಮಾಡಲಾರವು. ಆದರೆ ವಾರಂಟಿಯಲ್ಲಿ ಬಂದ ಹೊಸ ಪ್ರೊಸೆಸರನ್ನು ಹಳೆಯ ಬಯೋಸ್ ಇರುವ ಬೋರ್ಡಿಗೇ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಮೊದಲು ಬಯೋಸ್ ಅಪ್‌ಡೇಟ್. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ಹಾಕುವ ಫ್ಲಾಶ್‌ಬ್ಯಾಕ್ ಬಟನ್ ಅನೇಕ ಬೋರ್ಡುಗಳ ಹಿಂಬದಿಯಲ್ಲಿದೆ.

ಆಮೇಲೆ ಬಯೋಸಿನಲ್ಲಿ ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್ ಆರಿಸಿ. 13900ಕೆಗೆ ಇಂಟೆಲ್ ಹೇಳುವ ಗರಿಷ್ಠ 253 ವ್ಯಾಟ್. ಎಷ್ಟೋ ಬೋರ್ಡುಗಳು ಅಲ್ಲಿ 4096 ವ್ಯಾಟ್ ಎಂದು ಬರೆದುಕೊಂಡು ಬರುತ್ತಿದ್ದವು, ಅಂದರೆ ಮಿತಿಯೇ ಇಲ್ಲ.

ಎಎಂಡಿ ಕಡೆಯಲ್ಲೂ ಹೀಗೊಂದು ಘಟನೆ ಇದೆ. 2023ರ ಏಪ್ರಿಲಿನಲ್ಲಿ ರೈಜನ್ 7000 ಎಕ್ಸ್3ಡಿ ಪ್ರೊಸೆಸರುಗಳು ಕೆಲವರ ಮಷೀನಿನಲ್ಲಿ ಸಾಕೆಟ್ಟಿನೊಳಗೇ ಉಬ್ಬಿ ಸುಟ್ಟವು. ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಪೋ ಆನ್ ಮಾಡಿದಾಗ ಬೋರ್ಡುಗಳು ಎಸ್‌ಓಸಿ ವೋಲ್ಟೇಜನ್ನೂ (ಪ್ರೊಸೆಸರಿನೊಳಗೆ ರ‍್ಯಾಮ್ ನಿಯಂತ್ರಿಸುವ ಭಾಗಕ್ಕೆ ಹೋಗುವ ವೋಲ್ಟೇಜ್) ಮಿತಿ ಮೀರಿ ಏರಿಸುತ್ತಿದ್ದವು. ಹೊಸ ಬಯೋಸ್‌ಗಳಲ್ಲಿ ಅದನ್ನು 1.3 ವೋಲ್ಟಿಗೆ ಕಟ್ಟಿಹಾಕಿದರು. ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಎಸ್‌ಓಸಿ ಎಂದಿರುವ ಸಾಲನ್ನು ಹುಡುಕಿ. ಎಎಂ5ನಲ್ಲಿ ಅದು 1.3 ದಾಟಿದ್ದರೆ ಮಷೀನ್ ಆಫ್ ಮಾಡಿ ಬಯೋಸ್ ಬದಲಾಯಿಸಿದ ಮೇಲೆಯೇ ಮುಂದಿನ ಮಾತು.

ಲೋಡ್‌ಲೈನ್ ಕ್ಯಾಲಿಬ್ರೇಶನ್ ಎಂಬುದನ್ನು, ಅಂದರೆ ಲೋಡ್ ಬಂದಾಗ ವೋಲ್ಟೇಜ್ ಕುಸಿಯದಂತೆ ಎತ್ತಿಹಿಡಿಯುವ ಆಯ್ಕೆಯನ್ನು, ಗರಿಷ್ಠಕ್ಕೆ ಇಟ್ಟಿದ್ದರೆ ಆಟೋಗೆ ತನ್ನಿ. ಬೋರ್ಡ್ ಕಂಪನಿಯ "ಒಂದೇ ಬಟನ್ನಿನಲ್ಲಿ ವೇಗ" ಎಂಬಂಥ ಆಯ್ಕೆಗಳನ್ನೆಲ್ಲ ಆಫ್ ಮಾಡಿಬಿಡಿ. ಎರಡು ಪ್ರೊಸೆಸರ್ ಕಳೆದುಕೊಂಡ ಮಷೀನಿನಲ್ಲಿ ಮೂರು ತಿಂಗಳಾದರೂ ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ, ಎಕ್ಸ್‌ಪೋ ಇಲ್ಲದೆ ಓಡಿಸಿ ಎಂಬುದು ನನ್ನ ಸಲಹೆ.

ಬಿಸಿ

ಎಲ್ಲರೂ ಮೊದಲು ದೂರುವುದು ಬಿಸಿಯನ್ನು. ಇಂದಿನ ಪ್ರೊಸೆಸರುಗಳು ಮಿತಿ ತಲುಪಿದ ಕೂಡಲೇ ತಾವೇ ವೇಗ ಇಳಿಸಿಕೊಳ್ಳುತ್ತವೆ, ಇನ್ನೂ ಏರಿದರೆ ಆಫ್ ಆಗುತ್ತವೆ. ಇಂಟೆಲ್‌ನ ಬಹುಪಾಲಿಗೆ ಆ ಮಿತಿ 100 ಡಿಗ್ರಿ, ರೈಜನ್ 7000 ಸರಣಿಯ ಹೆಚ್ಚಿನವಕ್ಕೆ 95. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕೀಳುವುದು ಮರೆತರೂ ಮಷೀನ್ ತೆವಳುತ್ತದೆಯೇ ಹೊರತು ಪ್ರೊಸೆಸರ್ ಸಾಯುವುದಿಲ್ಲ. ಆದರೆ ವಿಆರ್‌ಎಂನ ಬಿಸಿಯನ್ನು ಮರೆಯಬಾರದು. ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡಿಗೆ ಹೆಚ್ಚು ಕೋರುಗಳ ಪ್ರೊಸೆಸರ್ ಹಾಕಿ ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡಿದರೆ ಬೇಯುವುದು ಮಾಸ್ಫೆಟ್. ನನ್ನ ಬೋರ್ಡಿನಲ್ಲಿ ಹೀಟ್‌ಸಿಂಕ್ ಇತ್ತು, ಆದರೆ ಅದರ ರೆಕ್ಕೆಗಳ ನಡುವೆ ಧೂಳು ಹತ್ತಿಯ ಹಾಗೆ ಮೆತ್ತಿಕೊಂಡಿತ್ತು.

ಮೂರನೆಯದನ್ನು ಕೂರಿಸುವ ದಿನ

ನೈಲಾನ್ ಬಟ್ಟೆ, ಕಾರ್ಪೆಟ್ ಬೇಡ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯ ಒಣ ಹವೆಯಲ್ಲಿ ಮೈಮೇಲೆ ಸ್ಥಿರ ವಿದ್ಯುತ್ ಬೇಗ ಸೇರುತ್ತದೆ. ಪದೇ ಪದೇ ಕ್ಯಾಬಿನೆಟ್ಟಿನ ಲೋಹ ಮುಟ್ಟಿ. ಪ್ರೊಸೆಸರಿನ ಅಂಚನ್ನಷ್ಟೇ ಹಿಡಿಯಿರಿ, ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಒತ್ತದೆ ಇಡಿ.

ಕೂಲರ್ ಹಾಕಿ, ಒಂದು ರ‍್ಯಾಮ್ ಹಾಕಿ, ನೇರವಾಗಿ ಬಯೋಸಿಗೆ ಹೋಗಿ. ಅಲ್ಲೇ ಹತ್ತು ನಿಮಿಷ ಇದ್ದು ವೋಲ್ಟೇಜ್, ಬಿಸಿ ಎರಡನ್ನೂ ಬರೆದುಕೊಳ್ಳಿ. ಬಿಸಿ ನಿಲ್ಲದೆ ಏರುತ್ತಿದ್ದರೆ ಆಫ್ ಮಾಡಿ ಕೂಲರ್ ಮತ್ತೆ ಕೂರಿಸಿ. ಸರಿಯಿದ್ದರೆ ಮೆಮ್‌ಟೆಸ್ಟ್86 ಒಂದು ಸುತ್ತು ಓಡಿಸಿ. ರ‍್ಯಾಮ್ ದೋಷವನ್ನು ಪ್ರೊಸೆಸರಿನ ತಲೆಗೆ ಕಟ್ಟುವುದು ಇದರಿಂದ ತಪ್ಪುತ್ತದೆ. ಆಮೇಲೆ ವಿಂಡೋಸ್, ಅದಾದ ಮೇಲೆ ಒಸಿಸಿಟಿಯಲ್ಲಿ ಅರ್ಧ ಗಂಟೆ ಲೋಡ್ ಪರೀಕ್ಷೆ, ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೋ ತೆರೆದಿರಲಿ. ಇತರ ಭಾಗಗಳನ್ನು ದಿನಕ್ಕೊಂದರಂತೆ ಸೇರಿಸಿ. ಎಲ್ಲವನ್ನೂ ಒಂದೇ ಸಂಜೆ ಜೋಡಿಸಿದರೆ, ತೊಂದರೆ ಬಂದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ.

ವಾರಂಟಿ

ಡಬ್ಬಿಯಲ್ಲಿ ಬಂದ ಇಂಟೆಲ್, ಎಎಂಡಿ ಪ್ರೊಸೆಸರುಗಳಿಗೆ 3 ವರ್ಷದ ವಾರಂಟಿ ಇದೆ. ಮೇಲೆ ಹೇಳಿದ ತೊಂದರೆಗೆ ಒಳಗಾಗುವ ಇಂಟೆಲ್ 13, 14ನೇ ತಲೆಮಾರಿನವಕ್ಕೆ ಇನ್ನೂ 2 ವರ್ಷ ಸೇರಿಸಿ 5 ಮಾಡಿದ್ದಾರೆ. ಡಬ್ಬಿಯಿಲ್ಲದೆ ಟ್ರೇಯಲ್ಲಿ ಬಂದವಕ್ಕೆ ಕಂಪನಿ ನೇರವಾಗಿ ವಾರಂಟಿ ಕೊಡುವುದಿಲ್ಲ, ಮಾರಿದ ಅಂಗಡಿಯವರೇ ನೋಡಿಕೊಳ್ಳಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಐನೂರೋ ಸಾವಿರವೋ ರೂಪಾಯಿ ಕಡಿಮೆಗೆ ಸಿಕ್ಕಿತೆಂದು ತರುವ ಮುನ್ನ ಡಬ್ಬಿ, ಸೀಲು, ಜಿಎಸ್‌ಟಿ ಬಿಲ್ಲು, ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಇದೆಯೇ ನೋಡಿ. ಬಾಗಿದ ಪಿನ್ನು, ಸುಟ್ಟ ಗುರುತು ಇದ್ದರೆ ವಾರಂಟಿ ನಿರಾಕರಿಸಬಹುದು. ಹಾಗಾಗಿ ಬೋರ್ಡ್ ಕಳಿಸುವ ಮುಂಚೆ ಸಾಕೆಟ್ಟಿನ ಸ್ಪಷ್ಟ ಫೋಟೋ ತೆಗೆದಿಡಿ, ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಕಳಿಸಿ. ದೂರು ಬರೆಯುವಾಗ "ಆನ್ ಆಗುತ್ತಿಲ್ಲ" ಎಂದಷ್ಟೇ ಬರೆಯದೆ, "12 ವೋಲ್ಟ್ ಪಿನ್ನಿಗೂ ಕಾಯಿಲ್ಲಿಗೂ ಶಾರ್ಟ್ ಇದೆ" ಎಂದು ಅಳತೆ ಸಮೇತ ಬರೆಯಿರಿ. ನನ್ನ ಬೋರ್ಡನ್ನು ಈ ಸಾಲಿನ ಮೇಲೆಯೇ ಮರುಮಾತಿಲ್ಲದೆ ಬದಲಾಯಿಸಿಕೊಟ್ಟರು. ನ್ಯಾಯವಾದ ವಾರಂಟಿಯನ್ನು ಯಾರಾದರೂ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹೊಸ ಬೋರ್ಡು, ಮೂರನೇ ಪ್ರೊಸೆಸರ್ ಹಾಕಿದ ದಿನ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಿನ ಒಳಮೈಗೆ ಒಂದು ಚೀಟಿ ಅಂಟಿಸಿದೆ. ತಾರೀಖು, ಬಯೋಸ್ ಆವೃತ್ತಿ, ಲೋಡ್ ಇಲ್ಲದಾಗ ಮತ್ತು ಇದ್ದಾಗ ಪ್ರೊಸೆಸರಿನ ವೋಲ್ಟೇಜ್, ಬಿಸಿ, 12 ವೋಲ್ಟ್ ಲೈನಿನ ಅಳತೆ, ನ್ಯೂಟ್ರಲ್–ಅರ್ಥ್ ನಡುವಿನ ಅಳತೆ, ಇಷ್ಟು. ಆರು ತಿಂಗಳಿಗೊಮ್ಮೆ ಧೂಳು ತೆಗೆಯಲು ಬಾಗಿಲು ಬಿಚ್ಚಿದಾಗ ಅದರ ಕೆಳಗೆ ಹೊಸ ಸಾಲು ಬರೆಯುತ್ತೇನೆ. ಈಗ ಐದು ಸಾಲುಗಳಾಗಿವೆ.